ಉದ್ದೇಶದ ಕಾಲಂ

ಮೂರ್ನಾಡು ರಸ್ತೆಯ ಗೇಟಿನಾಗ ನನ್ನ ಹನ್ನೆರಡನೇ ರಾತ್ರಿ.
ಇಂಡಿಯ ಬಿಸಲಿಗೆ ಬೆಂದ ಚರ್ಮ ನಂದು,
ಈ ಚಳಿಗೆ ಇನ್ನೂ ಬೀಗತನ ಒಪ್ಪಿಲ್ಲ.
ಎರಡು ಬನಿಯನ್ನು, ಒಂದು ಸ್ವೆಟರು, ಮ್ಯಾಲ ಸರಕಾರದ ಕೋಟು,
ಕೈಯಾಗ ಲಾಠಿ.

ಐದಕ್ಕ ಇನ್ನೂ ಐದು ನಿಮಿಷ ಇತ್ತು.
ಕಾಫಿ ಹೂವಿನ ವಾಸನಿ ಎಷ್ಟು ದಟ್ಟ ಅಂದ್ರ
ಟಾರ್ಚು ಹಾಕಿದ್ರ ಅದೂ ಕಾಣಬೇಕು, ಹಂಗ.
ಕಂಡದ್ದು ಮೊದಲು ಗಂಬೂಟು,
ಆಮ್ಯಾಲ ಬಿಳಿ ಸೀರಿ,
ಆಮ್ಯಾಲ ಹೆಗಲಿಗೆ,
ನಮ್ಮವ್ವ ಕಟಗಿ ಹೊರಿ ಹೊತ್ತಷ್ಟು ಸಸಾರ,
ಒಂದು ಜೋಡಿ ನಳಿಗಿ ಕೋವಿ.

ನಮ್ಮ ಭೀಮಾ ದಂಡ್ಯಾಗ
ಬಂದೂಕ ಅನ್ನೂದು ಧೋತರದ ಒಳಗಿನ ಮಾತು.
ಕಂಡಿತು ಅಂದ್ರ ಎಲ್ಲೋ ಹೆಣ ಬಿತ್ತು ಅಂತ ಅರ್ಥ.
ಹಿಂಗ ನಡುರಸ್ತ್ಯಾಗ,
ಕೊಡಿ ಹಿಡದಂಗ ಹಿಡಕೊಂಡು ಯಾರೂ ಬರೂದಿಲ್ಲ.

"ನಿಲ್ರಿ" ಅಂದೆ. ದನಿ ಯಾರದೋ ಅನಿಸಿತು.
ಆಕಿ ನಿಂತಳು. ಕೋವಿ ಇಳಿಸಿ, ನಡು ಮುರಿದು,
ಖಾಲಿ ನಳಿಗಿ ಎರಡೂ ಟಾರ್ಚಿನ ಎದುರು ಹಿಡಿದಳು,
ಹಲ್ಲಿನ ಡಾಕ್ಟರಿಗೆ ಬಾಯಿ ತಗದು ತೋರಿಸಿದಂಗ.
ಹಿಂಗ ನೋಡಬೇಕು ಅಂತ ನನಗ ಆಗಲೇ ಗೊತ್ತಾಗಿದ್ದು.

ಸಾಹೇಬರು ಮೊದಲ ದಿನಾನ ಹೇಳಿದ್ರು:
ಇಲ್ಲಿ ಕೆಲವರಿಗೆ ಲೈಸನ್ಸು ಬ್ಯಾಡ, ವಿನಾಯಿತಿ ಪತ್ರ ಸಾಕು.
ಕೇಳು, ನೋಡು, ಬರಕೋ.
ಹೆದರಬ್ಯಾಡ, ಹೆದರಸಾಕೂ ಹೋಗಬ್ಯಾಡ.

ಪ್ಲಾಸ್ಟಿಕ್ ಹಾಳ್ಯಾಗ ಮಡಚಿದ ಪತ್ರ, ತುಕ್ಕು ಹಿಡಿದ ಪಿನ್ನು.
ಚೋಂದಮ್ಮ, ಗಂಡ ಬೆಳ್ಯಪ್ಪ.
ಕೋವಿ ಮ್ಯಾಲಿನ ನಂಬರು ಸವದಿತ್ತು,
ಏಳೋ ಒಂದೋ ತಿಳಿಯದ ಒಂದು ಅಂಕಿ.
ಉಗುರಿಲೆ ಕೆರದೆ. ಉಸುರು ಬಿಟ್ಟು ಒರಸಿದೆ.
ಹೋಂಗಾರ್ಡ್ ಕುಶಾಲಪ್ಪನ್ನ ಎಬ್ಬಿಸಿದೆ, ಆತ ಏಳಲಿಲ್ಲ.
"ಸ್ವಲ್ಪ ಬೇಗ ಆಗ್ತದಾ?" ಅಂದಳು ಆಕಿ, ಒಂದ ಸಲ.
ಏಳು ಅಂತ ನಿಕ್ಕಿ ಆಗೂದರಾಗ
ಹನ್ನೊಂದು ನಿಮಿಷ.

ರಜಿಸ್ಟರ್ ತಗದೆ. ಮ್ಯಾಲಿನ ಸಾಲು ಬೊಳಕ.
ಹೋದ ವಾರ, ಇದೇ ಗೇಟು, ಇಂಥಾದೇ ಕೋವಿ,
ಹಂದಿ ಓಡಸು ಅಂತ ತೋಟದ ಸಾಹುಕಾರ ಕೊಟ್ಟದ್ದು.
ಎರವರ ಆಳು. ಪತ್ರ ಇಲ್ಲ.
ನಾ "ನಿಲ್ಲೋ" ಅಂದಿದ್ದೆ, "ನಿಲ್ರಿ" ಅಲ್ಲ.
ಮಧ್ಯಾಹ್ನದ ತನಕ ನೆಲಕ್ಕ ಕುಂಡ್ರಿಸಿ
ಬೆಲ್ಟು ಬಿಚ್ಚಿಸಿ, ಜೀಪಿಗೆ ಹತ್ತಿಸಿದೆ.
ಕಾಯ್ದೆ ಪ್ರಕಾರ ಎಲ್ಲಾ ಸರಿ.
ಹೆಗಲು ಬದಲಾದ್ರ ಅದೇ ಕಬ್ಬಿಣ ಬ್ಯಾರೆ ಕಲಮಿಗೆ ಬರತದ.
ಆತನ ಸಾಲಿನಾಗ ಕೊನೇ ಕಾಲಂ ಖಾಲಿ.
ಕೇಳಿದ್ದೇ ಇಲ್ಲ ನಾ.

"ಉದ್ದೇಶ?" ಅಂದೆ ಆಕಿಗೆ.
"ತವರಿಗೆ."
"ಅಲ್ಲಿ ಕೋವಿ ಇಲ್ಲೇನ್ರಿ?"
"ಅಣ್ಣನದ್ದು ರಿಪೇರಿಗೆ ಹೋಗಿದೆ."
ಸುಮ್ಮನಾದಳು. ಆಮ್ಯಾಲ ಅಂದಳು,
"ಅಪ್ಪ ಕಾಯ್ತಾ ಇದ್ದಾರೆ."
ನಾ ಬರದೆ: ತಂದೆಯ ಭೇಟಿ.
ಹಗ್ಗ ಬಿಟ್ಟೆ, ಗೇಟು ಎದ್ದಿತು.
ಬೆನ್ನ ಮ್ಯಾಲಿನ ನೆರಿಗಿ ಮಂಜಿನಾಗ ಹೋಗೂದು
ನೋಡಕೋತ ನಿಂತೆ.

ಐದೂ ಇಪ್ಪತ್ತಾರಕ್ಕ ಗುಡ್ಡದ ಆಚಿಂದ ಗುಂಡು.
ಮತ್ತೊಂದು, ಅದರ ಬೆನ್ನಿಗೇ.
ಲಾಠಿ ಗಟ್ಟಿ ಹಿಡದೆ, ನಗಬ್ಯಾಡ್ರಿ, ಲಾಠಿ.
ಅಷ್ಟೊತ್ತು ಏಳದ ಕುಶಾಲಪ್ಪ ಎದ್ದು ಕುಂತಿದ್ದ,
ಟೋಪಿ ತಗದಿದ್ದ.
"ಒಂದಾದ್ರೆ ಗಂಡು ಕೂಸು. ಎರಡು, ಸಾವು.
ಯಾರ ಮನೆಯದ್ದೋ."

ಕೆಳಗಿನ ಕೊಲ್ಲಿಯಾಗ ಒಂದೊಂದ ದೀಪ ಹತ್ತಿದವು.
ಯಾವುದೋ ಬಾಗಿಲು, ಯಾವುದೋ ನಾಯಿ,
ಸ್ಟಾರ್ಟ್ ಆಗದ ಒಂದು ಸ್ಕೂಟರು.

ನನ್ನ ಒಂದು ಅಂಕಿಯ ದೆಸಿಯಿಂದ
ಹನ್ನೊಂದು ನಿಮಿಷ ಆ ಮುದುಕ
ಊರಿನ ಪಾಲಿಗೆ ಇನ್ನೂ ಬದುಕಿದ್ದ.
ಇದು ತಪ್ಪೋ, ಉಪಕಾರವೋ,
ಬರಿಯಾಕ ಕಾಲಂ ಇಲ್ಲ.

"ತಂದೆಯ ಭೇಟಿ." ತಿದ್ದಲಿಲ್ಲ.
ಪೆನ್ನು ಒಂದು ಸಾಲು ಮ್ಯಾಲ ಹೋಗಿ
ಬೊಳಕನ ಖಾಲಿ ಜಾಗಾದಾಗ ನಿಂತಿತು.
ಚಳಿಗೆ ಮಸಿ ಇಳೀಲಿಲ್ಲ.
ಎಂಟಕ್ಕ ಡ್ಯೂಟಿ ಬದಲಿ. ಏನರ ವಿಶೇಷ? ಅಂದ್ರು.
ಇಲ್ರಿ ಅಂದೆ.