ಬಾಳ್ಳುಪೇಟೆ ಅನ್ನುವಾಗ

ಹಾಸನದ ಬಿ.ಎಂ. ರಸ್ತೆ, ಟೈರು ಅಂಗಡಿಯ ಮಾಳಿಗೆ.
ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಚಾಪೆ,
ಕೆಳಗಿಂದ ಬಿಸಿ ರಬ್ಬರಿನ ವಾಸನೆ.
ಡಿಪೋದವರು ಬರೆದ ಚೀಟಿ ನನ್ನ ಕೈಲಿ:
ದಾಕ್ಷಾಯಿಣಿ, ನಿರ್ವಾಹಕಿ, ಹದಿನೇಳು ವರ್ಷ,
ಬಡ್ತಿ ಸಿಕ್ಕಿದೆ,
ಮೈಕಿನ ಮುಂದೆ ದನಿ ಹೊರಡುವುದಿಲ್ಲ.

ಮೇವಿಸ್ ಮೇಡಂ ಹಿಂದೆ ಖೊಖೊ ಕಲಿಸುತ್ತಿದ್ದವರು.
ಮಂಡಿ ಹೋದ ಮೇಲೆ ಇದು.
ಇದಕ್ಕೊಂದು ಹೆಸರಿದೆಯಂತೆ, ಹೇಳಿದರು, ಮರೆತೆ.
"ಇಲ್ಲೇನು, ಮೈಮೇಲೆ ಬರಿಸ್ತೀರಾ?" ಅಂದೆ.
"ಇಲ್ಲ ಕಣ್ರೀ, ಬಿಟ್ಟುಹೋದ ಮೈಗೆ
ನೀವೇ ವಾಪಸ್ ಬರೋದು."

ಯಾಕೆ ಅಂತ ಅವರು ಕೇಳಲೇ ಇಲ್ಲ.
ನಾನೋ, ಯಾಕೆಗೇ ತಯಾರಾಗಿ ಹೋಗಿದ್ದೆ:
ಚಿಲ್ಲರೆ ಜಗಳ, ಮೆಮೊ, ಕುಡಿದವನ ಕೈ,
ಚೆಕಿಂಗಿನವರು ಆಲೂರು ನಿಲ್ದಾಣದಲ್ಲಿ
ಎಲ್ಲರೆದುರು ನನ್ನ ಚೀಲ ಸುರಿಸಿದ್ದು.
ಅವರು ಕೇಳಿದ್ದು, ಎಲ್ಲಿ?
ಎಲ್ಲಿ ಅಂದರೆ?
ಈಗ, ಇದನ್ನ ಹೇಳುವಾಗ, ಮೈಯಲ್ಲಿ ಎಲ್ಲಿ?

ನಗು ಬಂತು.
ಹೊಟ್ಟೆಗೆ ಹಾಕ್ಕೊಳಮ್ಮ, ಅಂದಿದ್ದರು ಮೇಲಿನವರು.
ಹೊಟ್ಟೆಗೆ ಹಾಕ್ಕೋ, ಅಂದಿದ್ದಳು ಅತ್ತೆ.
ಹಾಕಿಕೊಂಡಿದ್ದೆ.
ಯಾವ ಮಗ್ಗುಲಿಗೆ ಅಂತ ನೋಡಿರಲಿಲ್ಲ.
ಅಂಗೈ ಇಟ್ಟೆ. ಎಡಗಡೆ, ಪಕ್ಕೆಲುಬಿನ ಕೆಳಗೆ,
ಒದ್ದೆ ಬಟ್ಟೆ ಹಿಂಡಿ, ಕೊಡವದೆ ಬಿಟ್ಟಂಥ ತಿರುಚು.
ಚೀಲ ಬಂದು ತಾಗುತ್ತಿದ್ದ ಜಾಗಕ್ಕೇ ಸರಿಯಾಗಿ.
"ಇಳಿಸೋಕೆ ಹೋಗಬೇಡಿ," ಅಂದರು,
"ಹತ್ತಿದೆಯಲ್ಲ, ಎಲ್ಲಿಗೆ ಅಂತ ಕೇಳಿ."

ಮೂರು ವಾರ ಇಷ್ಟೇ ಕೆಲಸ.
ಹಿಮ್ಮಡಿ ನೆಲಕ್ಕಿದೆಯಾ? ಇರಲಿಲ್ಲ.
ಅಲ್ಲಾಡದ ಕಟ್ಟಡದೊಳಗೂ
ಬ್ರೇಕಿಗೆ ಕಾಯುತ್ತ ತುದಿಗಾಲಲ್ಲಿದ್ದೆ.
ಹಲ್ಲು? ಕಚ್ಚಿಕೊಂಡೇ ಇತ್ತು.
ಹಲ್ಲು ಕಚ್ಚಿ ಸಂಸಾರ ಮಾಡಿದಳು ಅಂತಾರಲ್ಲ,
ಅದು ಗಾದೆಯಲ್ಲ, ದವಡೆ.
ಕಿವಿಯ ಬುಡದಲ್ಲಿ ಒತ್ತಿದರೆ ಕಣ್ಣೀರು ಬರುತ್ತದೆ.
ಒಂದು ಗುರುವಾರ ಏನೂ ಆಗಲಿಲ್ಲ,
ಚಾಪೆಯ ಮೇಲೆ ನಿದ್ದೆ ಹೋದೆ.
ಕೆಳಗೆ ಟ್ಯೂಬೊಂದು ಢಬ್ಬೆಂದಿತು,
ಎದ್ದು ಕೂತು ಇಬ್ಬರೂ ನಕ್ಕೆವು.

ಚಿಕ್ಕವಳಿದ್ದಾಗ ಅವ್ವ ಅನ್ನೋಳು,
ಮೈಮೇಲೆ ಎಚ್ಚರ ಇರಲಿ.
ಸೆರಗು, ಕತ್ತಲು, ಓಣಿ, ಗಂಡಸರು,
ಎಚ್ಚರವೆಲ್ಲ ಹೊರಗಿಂದ ಬರುವುದರ ಕಡೆಗೆ.
ಒಳಗಿರುವವಳು ಉಂಡಳೋ, ಉಸಿರಾಡಿದಳೋ,
ಅವ್ವನಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಕೊನೆಯ ದಿನ, ನಿಮ್ಮ ಊರುಗಳನ್ನ ಹೇಳಿ ಅಂದರು,
ನಿಧಾನವಾಗಿ, ನಾಲಿಗೆ ಎಲ್ಲಿ ತಾಗತ್ತೆ ನೋಡ್ತಾ.
ಕಂದಲಿ. ಆಲೂರು. ಪಾಳ್ಯ.
ಸಾವಿರ ಸಲ ಕೂಗಿದ್ದೆ, ಒಮ್ಮೆಯೂ ರುಚಿ ನೋಡಿರಲಿಲ್ಲ.
ಬಾಳ್ಳುಪೇಟೆ. ಅಲ್ಲಿ ನಾಲಿಗೆ ಮಡಿಚಿ
ಅಂಗುಳಕ್ಕೆ ಒರಗಿ ಒಂದು ಗಳಿಗೆ ನಿಲ್ಲಬೇಕು.
ದವಡೆ ಬಿಡದೆ ಆ ಳ್ಳ ಹೊರಡದು.
ಬಿಟ್ಟೆ. ಹೊರಟಿತು.

ಸೋಮವಾರ ಆರೂಕಾಲು, ಹೊಸ ಬಸ್ ನಿಲ್ದಾಣ,
ಗಾಜಿನ ಕೋಣೆ, ಮೈಕು.
ತಿರುಚು ಬಂದೇ ಬಂತು, ಹಳೇ ಪಾಸಿನವರ ಹಾಗೆ.
ಬಾ, ಅಂದೆ, ಅಂಗೈ ಇಟ್ಟೆ.
ಹಿಮ್ಮಡಿ ಊರಿದೆ.
ಆಲೂರು, ಪಾಳ್ಯ, ಬಾಳ್ಳುಪೇಟೆ ಮಾರ್ಗವಾಗಿ ಸಕಲೇಶಪುರ...
ಬಾಳೆಗೊನೆ ಹೊತ್ತ ಮುದುಕನೊಬ್ಬ
ಗಾಜು ತಟ್ಟಿ ಕೇಳಿದ,
"ಪ್ಲಾಟ್‌ಫಾರಂ ಯಾವ್ದು ಅಂತ್ಲೇ ಹೇಳ್ಳಿಲ್ವಲ್ಲವ್ವಾ?"