ಕೀಲಿಕೈ

ಧಾರವಾಡದಿಂದ ಬಂದವರಿಗೆ ಅವ್ವ
ಕಟ್ಟಿ ಮ್ಯಾಲೆ ಚಾಪಿ ಹಾಸಿ, ಚಹಾ ಕೊಟ್ಟು,
"ಅವರು ಊರಾಗ ಇಲ್ರಿ" ಅಂತಾಳ.
ಅದ ಹೊತ್ತಿಗೆ ಮಾಳಗಿ ಮ್ಯಾಲೆ ಅಪ್ಪ ಕೆಮ್ಮತಾನ.
ಬಂದವರು ತಲಿ ಎತ್ತಿ ಜಂತಿ ನೋಡ್ತಾರ.
"ಪಾರಿವಾಳ" ಅಂತಾಳ ಅವ್ವ.
ಒಬ್ಬಾಂವ ಅದನ್ನೂ ಬರಕೊಂಡು ಹೋದ.

ಬೆಟಗೇರಿಯ ಈ ಓಣಿಯೊಳಗ, ಇಷ್ಟು ಮಗ್ಗದ ಸಪ್ಪಳದಾಗ
ಸುಮ್ಮನಿರೋ ಮನಿಶಾ ಅಂದ್ರ ಅಂವ ಒಬ್ಬನ.
ಬರಿಯಾಕ ಎಂದೂ ಹಾಳಿ ಕೇಳಿದಾಂವಲ್ಲ.
ಹಳೇ ಜಕಾರ್ಡಿನ ರಟ್ಟು, ನಮೂನಿ ಮುಗದು ಮೂಲಿ ಸೇರಿದ್ದು,
ಅದರ ಬೆನ್ನಿಗೆ ಬರಿತಾನ, ತೂತು ತಪ್ಪಿಸಿ ತಪ್ಪಿಸಿ.
ಅದಕ್ಕ ಅವನ ಸಾಲು ಅಲ್ಲಲ್ಲಿ ತುಂಡಾಗಿ ಜಿಗೀತಾವ;
ಓದಿದವರು ಅದಕ್ಕೊಂದು ಹೆಸರಿಟ್ಟಾರಂತ.
ಅವ್ವ ಲಾಳಿ ಒಗದು ಅಂತಾಳ:
"ಸೆರಗಿಗೆ ಹೂ ಬೀಳೂದು ತೂತಿನಿಂದ.
ಶಾಯಿ ಎಂದೂ ಒಂದು ಎಸಳು ನೇಯ್ದಿಲ್ಲ."

ನನಗ ಒಂಬತ್ತು. ಹಟ್ಟಿ ಹಬ್ಬದ ಮರುದಿನ.
ಕಂಡಿಕಿ ಸುತ್ತೂ ರಾಟಿ ಮುಂದ ಕುಂತಾಕಿ
ಕುಂತಲ್ಲೇ ಸೆಟದು ಬಿದ್ದೆನಂತ.
ಅಜ್ಜಿ ಉಳ್ಳಾಗಡ್ಡಿ ಹುಡುಕಾಕ ಓಡಿದಳು,
ಕುಬೇರಪ್ಪ ಕಾಕಾ "ಚಪ್ಪಲಿ ಮೂಸಿಸ್ರಿ" ಅಂದ.
ಅಪ್ಪ ಪಾವಟಿಗಿ ಇಳದು ಬಂದು
ನನ್ನ ಮುಷ್ಟಿ ಬಿಡಿಸಿ ಕೀಲಿಕೈ ಗೊಂಚಲಾ ಇಟ್ಟ.
ಕಬ್ಬಿಣದ ತಂಪು. ಅದೊಂದು ನೆನಪೈತಿ.
ಎಚ್ಚರಾದಾಗ ಅಂಗೈ ತುಂಬ ಹಲ್ಲಿನ ಗುರುತು.
ಮನಿ ಮಾತು ಮನಿಯೊಳಗ ಇರಲಿ ಅಂತ
ಅಜ್ಜಿ ಎಲ್ಲಾರ ಕಡೆ ವಿಭೂತಿ ಮುಟ್ಟಿಸಿ ಆಣಿ ತೊಗೊಂಡಳು.
ಅಪ್ಪನೂ ಮುಟ್ಟಿದ.

ಹನ್ನೆರಡು ವರ್ಷ ಆಣಿ ಉಳೀತು.
ಹುಲಕೋಟಿಯಾಂವನ ಜೋಡಿ ನನ್ನ ನಿಶ್ಚಯ ಆತು,
ಸಾಲಿ ಮಾಸ್ತರ, ಓದೂ ಹುಚ್ಚಿನಾಂವ.
ಆ ಹುಚ್ಚ ನನ್ನ ಮುಳಗಿಸಿತು.
ದೀಪಾವಳಿ ಸಂಚಿಕೆಯ ನಡುಪುಟದಾಗ
ಸೆಟದು ಬಿದ್ದ ಕೂಸು, ರಾಟಿ, ಕೀಲಿಕೈ,
ಬಾಯಿ ತುದಿಯ ನೊರೆಗೆ ಸುದ್ದಾ ಒಂದು ಉಪಮೆ.
ಬೀಗರು ಸೀರಿ ತಿರುಗಿ ಕಳಿಸಿದ್ರು, ನಾವ ನೇಯ್ದ ಸೀರಿ,
ಮಡಿಕಿ ಬಿಚ್ಚಿರಲಿಲ್ಲ.

ಕಾಕಾ ಪಾವಟಿಗಿ ಬುಡಕ ನಿಂತು ಒದರಿದ:
"ತನ್ನ ಕದಕ್ಕ ಕೀಲಿ ಹಾಕ್ಕೊಂಡಾಂವ
ನಮ್ಮ ಕದಾ ಯಾಕ ತೆರದಿಟ್ಟಿ?"
ಮ್ಯಾಲಿಂದ ಸಣ್ಣ ದನಿ: "ಯಾರ ಹೆಸರೂ ಬರದಿಲ್ಲ."
"ನಿನಗ ಮಗಳು ಎಷ್ಟು ಮಂದಿ ಅದಾರ, ಅಣ್ಣಾ?"
ಆಮ್ಯಾಲೆ ದನಿ ಬರಲಿಲ್ಲ. ರಟ್ಟು ಸರಿಸೂ ಸಪ್ಪಳನೂ ಇಲ್ಲ.
ಆ ವಾರನ ಕಾಕಾ ತನ್ನ ಪಾಲಿನ ಮಗ್ಗ ಕಳಚಿಕೊಂಡು
ರೈಲುಹಳಿ ಆಚಿ ಬ್ಯಾರೆ ಮನಿ ಮಾಡಿದ.
ಅವ್ವ ಬ್ಯಾರೆ ಆಗಲಿಲ್ಲ; ಗಂಗಾಳ ಬ್ಯಾರೆ ಮಾಡಿದಳು.
ಏಳನೇ ಪಾವಟಿಗಿ ಮ್ಯಾಲೆ ಎರಡು ರೊಟ್ಟಿ, ಪಲ್ಯ, ತಂಬಗಿ ನೀರು.
ಅಲ್ಲೀತನಾ ಆಕಿ ಏರತಾಳ, ಅಲ್ಲೀತನಾ ಅಂವ ಇಳಿತಾನ,
ಒಂದ ಹೊತ್ತಿಗೆ ಅಲ್ಲ.

ನನ್ನ ಸಿಟ್ಟು ಬ್ಯಾರೆ. ಯಾರಿಗೂ ಹೇಳಿಲ್ಲ.
ಆ ಪದ್ಯ ನನಗ ಬಾಯಿಪಾಠ.
ಬ್ಯಾನಿ ಬರೂ ಮೊದಲ ಕಣ್ಣಂಚಿನ್ಯಾಗ ಬೆಳಕು ಚುಚ್ಚತೈತಲ್ಲ,
ಅದಕ್ಕ ಡಾಕ್ಟರ ಹತ್ರ ಮಾತಿಲ್ಲ, ನನ್ನ ಹತ್ರನೂ ಇರಲಿಲ್ಲ.
ಹಗಲಿಗೆ ಯಾರೋ ತೂತು ಹೊಡದಂಗ, ಅಂತ ಬರದಾನ.
ಬಿದ್ದಾಕಿ ನಾನು. ಅವಗ ಹ್ಯಾಂಗ ಗೊತ್ತಾತು?
ಸುಳ್ಳಾಗಿದ್ರ ಕ್ಷಮಾ ಮಾಡಬಹುದಿತ್ತು.

ಕೆಲವು ರಾತ್ರಿ ಮಾಳಗಿ ಮ್ಯಾಲೆ ಏನೋ ದೊಪ್ಪಂತ ಬೀಳತೈತಿ.
ರಟ್ಟಿನ ಗಂಟು, ಅಂತಾಳ ಅವ್ವ,
ಅಂದು, ಬೆಳಗಾಗೂತನಾ ಎದ್ದ ಕುಂದರತಾಳ.

ಹ್ವಾದ ತಿಂಗಳ ಒಂದು ಮಧ್ಯಾಹ್ನ
ಮಗ್ಗದ ಮ್ಯಾಲೇ ವಾಲಿದೆ. ಅವ್ವ ಸಂತಿಗೆ ಹೋಗಿದ್ದಳು.
ಎಚ್ಚರಾದಾಗ ಮನಿ ಖಾಲಿ,
ತಲಿ ಬುಡಕ ಶಾಯಿ ನಾರೋ ಒಂದು ದುಪ್ಪಟಿ,
ಮುಷ್ಟಿಯೊಳಗ ಮಾಳಗಿ ಕೀಲಿಕೈ.
ಗೊಂಚಲಲ್ಲ. ಅದೊಂದ.

ಅಂವ ತಿರುಗಿ ಕೇಳಿಲ್ಲ.
ನಾನೂ ಏಳನೇ ಪಾವಟಿಗಿ ಮ್ಯಾಲೆ ಇಟ್ಟಿಲ್ಲ.
ಅವ್ವ ಕೇಳತಾಳ, ಮ್ಯಾಲಿನ ಕದಾ ಯಾಕ
ರಾತ್ರಿಯೆಲ್ಲಾ ಗಾಳಿಗೆ ಬಡಕೋತೈತಿ ಅಂತ.
ಪಾರಿವಾಳ, ಅಂದೆ.