ಎರಡು ಕೀಲಿಕೈ

ಧಕ್ಕೆಯ ಲೈಟುಕಂಬದಲ್ಲಿ
ಬೀಗ ಹಾಗೇ ಉಂಟು, ಮುಂದಿನ ಚಕ್ರವೂ.
ಉಳಿದ ಸೈಕಲ್ಲು
ಬೂತಾಯಿ ಏಲಂ ಮುಗಿಯುವಷ್ಟರಲ್ಲಿ ಇಲ್ಲ.

ಬಂದರಿನ ಇದಿನಬ್ಬ ಮಾರುವಾಗಲೇ ಹೇಳಿದ್ದ:
"ಇದು ಕಳ್ಳನಿಗಲ್ಲ ಮಾರಾಯ್ರೆ,
ನಿಮಗೆ ನಿದ್ದೆ ಬರ್ಲಿಕ್ಕೆ."
ಮುನ್ನೂರೈವತ್ತು ರೂಪಾಯಿಯ ನಿದ್ದೆ.
ಎಂಟು ತಿಂಗಳು ಚೆನ್ನಾಗಿಯೇ ಬಂತು.

ಪಕ್ಕದಲ್ಲೇ ಲಿಗೋರಿಯ ಸೈಕಲ್ಲು.
ಬೀಗವಿಲ್ಲ, ಬೆಲ್ಲಿಲ್ಲ, ಸೀಟಿಗೆ ಗೋಣಿ ಸುತ್ತಿದೆ,
ಮೀನಿನ ನೀರಿಗೆ ತುಕ್ಕು ಹಿಡಿದು
ಕಳ್ಳನಿಗೂ ಬೇಡವಾಗಿ ನಿಂತಿದೆ.
"ತಗೊಂಡು ಹೋಗಿ, ಸಂಜೆ ಕೊಟ್ಟರಾಯ್ತು" ಎಂದ.

ಹತ್ತಿದೆ. ಬ್ರೇಕಿಲ್ಲ.
ಹಂಪನಕಟ್ಟೆಯ ಏರಿಗೆ ಅದು ಬೇಡವೂ ಬೇಡ.
ಒಂದೊಂದು ತುಳಿತಕ್ಕೂ
ಕಿಸೆಯ ಕೀಲಿಕೈ ತೊಡೆಗೆ ಚುಚ್ಚುತ್ತದೆ.
ಎರಡಿವೆ.
ಒಂದು, ಕಳೆದುಹೋದರೆ ಇರಲಿ ಅಂತ
ಇದಿನಬ್ಬ ಕೊಟ್ಟದ್ದು.